‘ನಾನೂ ರಾಮಾಚಾರಿ ಥರಾನೇ’ ಎನ್ನುವ ಮಗ

ಪ್ರಶ್ನೆ: ನಾವು ಚಿತ್ರದುರ್ಗದವರು. ನನ್ನ ಮಗನಿಗೆ ಹದಿನೇಳು ವರ್ಷ. ಐದನೇ ವಯಸ್ಸಿನಲ್ಲಿ ಅವನಿಗೆ ಆಟಿಸಂ ಇದೆಯೆಂದು ವೈದ್ಯರು ಗುರುತಿಸಿದರು. ಮಾತು, ಓದು, ಬರಹ ಎಲ್ಲ ಬರುತ್ತದೆ. ಜನರೊಂದಿಗೆ ಬೆರೆಯುವುದು ಮಾತ್ರ ಕಷ್ಟ. ಎಂಟು ತಿಂಗಳಿಂದ ‘ನಾಗರಹಾವು’ ಸಿನಿಮಾವನ್ನು ದಿನವೂ ಮೊಬೈಲಿನಲ್ಲಿ ನೋಡುತ್ತಾನೆ. ಏನಾದರೂ ಕೇಳಿದರೆ ಅದರ ಸಂಭಾಷಣೆಯಲ್ಲೇ ಉತ್ತರ ಕೊಡುತ್ತಾನೆ. ಭಾನುವಾರ ಕೋಟೆಗೆ ಕರೆದೊಯ್ಯದಿದ್ದರೆ ಊಟ ಬಿಡುತ್ತಾನೆ. ‘ನಾನೂ ರಾಮಾಚಾರಿ ಥರಾನೇ’ ಎನ್ನುತ್ತಾನೆ. ಸಿನಿಮಾ ನೋಡಿ ಕೆಟ್ಟ, ಮೊಬೈಲ್ ಕಿತ್ತುಕೊಳ್ಳಿ ಎಂದು ನೆಂಟರೆಲ್ಲ ಹೇಳುತ್ತಾರೆ. ನನಗಾದರೋ ಆ ಚಿತ್ರದ ಕೊನೆ ನೆನೆದರೆ ಎದೆ ಝಲ್ಲೆನ್ನುತ್ತದೆ. ನಾನೇನು ಮಾಡಲಿ?

ಉತ್ತರ: ಮೊಬೈಲ್ ಕಿತ್ತುಕೊಳ್ಳಬೇಡಿ. ಹಾಗೆಯೇ ಚಿತ್ರದ ಕೊನೆಯ ಬಗ್ಗೆ ನಿಮಗಿರುವ ಭಯವನ್ನೂ ತಳ್ಳಿಹಾಕಬೇಡಿ. ಎರಡಕ್ಕೂ ಕಾರಣ ಹೇಳುತ್ತೇನೆ. ಅದಕ್ಕೆ ಮೊದಲು ನೀವೊಂದು ವಿಷಯ ಗಮನಿಸಬೇಕು: ಮೂರು ಗಂಟೆಯ ಆ ಚಿತ್ರದಲ್ಲಿ ನಿಮ್ಮ ಮಗ ಯಾವ ದೃಶ್ಯವನ್ನು ಮತ್ತೆ ಮತ್ತೆ ಹಿಂದಕ್ಕೆ ಎಳೆದು ನೋಡುತ್ತಾನೆ?

ಇದನ್ನು ಕೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಇಪ್ಪತ್ತರ ಆಸುಪಾಸಿನ ಯುವಕನೊಬ್ಬನನ್ನು ತಂದೆ ನನ್ನ ಬಳಿಗೆ ಕರೆತಂದಿದ್ದರು. ಸಿನಿಮಾ ಇದೇ, ದೂರೂ ಇದೇ. ‘ಬರೀ ಹೊಡೆದಾಟ ನೋಡ್ತಾನೆ, ಅದಕ್ಕೇ ಸಿಟ್ಟು ಜಾಸ್ತಿ ಆಗಿದೆ’ ಎಂದರು. ನಾನು ಆ ಯುವಕನ ಕೈಗೇ ಮೊಬೈಲ್ ಕೊಟ್ಟು, ನಿನಗೆ ಬೇಕಾದ ಜಾಗ ತೋರಿಸು ಎಂದೆ. ಅವನು ಹೊಡೆದಾಟಗಳನ್ನೆಲ್ಲ ಬೆರಳಿನಿಂದ ಸರಸರನೆ ದಾಟಿಸಿ, ರಾಮಾಚಾರಿಯೂ ಚಾಮಯ್ಯ ಮೇಷ್ಟ್ರೂ ಎದುರುಬದುರಾಗಿರುವ ಒಂದು ಕಡೆ ನಿಲ್ಲಿಸಿದ. ಮೇಷ್ಟ್ರ ಮುಖದ ಮೇಲೆ ಬೆರಳಿಟ್ಟು, ‘ಅವನು ಯಾಕೆ ಹಾಗೆ ಅಂತ ಇವರೊಬ್ಬರಿಗೇ ಗೊತ್ತು’ ಎಂದ. ಬೆರಳನ್ನು ಬಹಳ ಹೊತ್ತು ಅಲ್ಲಿಂದ ತೆಗೆಯಲಿಲ್ಲ. ಪಕ್ಕದಲ್ಲಿದ್ದ ತಂದೆ ಆಮೇಲೆ ಹೊಡೆದಾಟದ ಮಾತೆತ್ತಲಿಲ್ಲ.

ಹಾಗಾಗಿ ‘ನಾನೂ ರಾಮಾಚಾರಿ ಥರಾನೇ’ ಎಂಬ ಮಾತನ್ನು ಕೇಳಿದ ಕೂಡಲೇ ಸಿಟ್ಟು, ಹಟ, ಬಂಡೆಯಿಂದ ಹಾರುವುದು ಎಂದು ನಾವೇ ಅರ್ಥ ಕಟ್ಟಿಕೊಳ್ಳಬಾರದು. ಊರೆಲ್ಲ ಒರಟ ಎಂದು ತೀರ್ಮಾನಿಸಿದ ಹುಡುಗನೊಬ್ಬನನ್ನು ಒಬ್ಬರಾದರೂ ಅರ್ಥಮಾಡಿಕೊಳ್ಳುತ್ತಾರೆ ಎಂಬುದೇ ಅವನಿಗೆ ಅಲ್ಲಿ ಕಂಡಿರಬಹುದು. ಅದು ಅವನು ತನ್ನ ಬಗ್ಗೆ ಆಡುತ್ತಿರುವ ಮಾತು, ಮತ್ತು ನನ್ನ ಅನುಭವದಲ್ಲಿ ಇಂಥ ಮಕ್ಕಳು ತಮ್ಮ ಬಗ್ಗೆ ಆಡುವ ಮೊದಲ ಸ್ಪಷ್ಟ ಮಾತು ಹಲವು ಸಲ ಹೀಗೆ ಪಾತ್ರವೊಂದರ ಹೆಸರಿನಲ್ಲೇ ಬರುತ್ತದೆ.

ಸಂಭಾಷಣೆಯಲ್ಲೇ ಉತ್ತರ ಕೊಡುವುದನ್ನೂ ಇದೇ ದೃಷ್ಟಿಯಿಂದ ನೋಡಿ. ಕೇಳಿದ ಮಾತನ್ನು ಗಂಟೆಗಳ ಅಥವಾ ತಿಂಗಳುಗಳ ನಂತರ ಹಾಗೆಯೇ ಮರುನುಡಿಯುವುದಕ್ಕೆ ಎಕೋಲಾಲಿಯಾ ಎನ್ನುತ್ತಾರೆ. ಒಂದು ಕಾಲದಲ್ಲಿ ಇದನ್ನು ಅರ್ಥವಿಲ್ಲದ ಗಿಳಿಪಾಠವೆಂದು ತಿಳಿದು ನಿಲ್ಲಿಸಲು ಪ್ರಯತ್ನಿಸುತ್ತಿದ್ದರು. 1980ರ ದಶಕದಲ್ಲಿ ಅಮೆರಿಕದ ವಾಕ್-ಭಾಷಾ ತಜ್ಞ ಬ್ಯಾರಿ ಪ್ರಿಜಾಂಟ್ ಮತ್ತು ಅವರ ಸಹೋದ್ಯೋಗಿಗಳು ಮಕ್ಕಳ ಇಂಥ ಮಾತುಗಳನ್ನು ಸಂದರ್ಭದೊಂದಿಗೆ ಇಟ್ಟು ನೋಡಿ, ಅವುಗಳಲ್ಲಿ ಬೇಡಿಕೆ, ನಿರಾಕರಣೆ, ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವುದು ಮೊದಲಾದ ಉದ್ದೇಶಗಳಿರುತ್ತವೆ ಎಂದು ತೋರಿಸಿದರು. ಒಂದು ನೋಟ್‌ಬುಕ್ಕಿನಲ್ಲಿ ಹದಿನೈದು ದಿನ ಬರೆದಿಡಿ: ಯಾವ ಸಂಭಾಷಣೆ, ಯಾವ ಹೊತ್ತಿನಲ್ಲಿ, ಅದಕ್ಕೆ ಸ್ವಲ್ಪ ಮುಂಚೆ ಮನೆಯಲ್ಲಿ ಏನಾಗಿತ್ತು. ಸಾಮಾನ್ಯವಾಗಿ ಎರಡನೇ ವಾರಕ್ಕೆ ಒಂದು ಜಾಡು ಕಾಣತೊಡಗುತ್ತದೆ.

ಸಿನಿಮಾವೇ ಏಕೆ ಎಂದು ನೀವು ಕೇಳಬಹುದು. ನಿಜ ಬದುಕಿನಲ್ಲಿ ಎದುರಿನವರ ಮುಖಭಾವ ಅರೆಕ್ಷಣದಲ್ಲಿ ಬಂದು ಹೋಗುತ್ತದೆ, ಮಾತಿನ ಮೇಲರ್ಥ ಒಂದು, ಒಳಾರ್ಥ ಇನ್ನೊಂದು ಇರುತ್ತದೆ, ಅದರ ನಡುವೆಯೇ ಕುಕ್ಕರ್ ಕೂಗುತ್ತದೆ, ಮತ್ತು ಇಷ್ಟರಲ್ಲಿ ಉತ್ತರವನ್ನೂ ಕೊಡಬೇಕಾಗುತ್ತದೆ. ಪರದೆಯ ಮೇಲಾದರೆ ಅದೇ ಮುಖ ದೊಡ್ಡದಾಗಿ ನಿಲ್ಲುತ್ತದೆ. ಇದು ದುಃಖವೋ ಕೋಪವೋ ಎಂದು ಹಿನ್ನೆಲೆ ಸಂಗೀತ ತಿಳಿಸುತ್ತದೆ. ಅರ್ಥವಾಗದಿದ್ದರೆ ಹಿಂದಕ್ಕೆ ಹೋಗಿ ನೋಡಬಹುದು. ನಾಳೆ ನೋಡಿದರೂ ಆ ಮಾತಿಗೆ ಅದೇ ಮಾತು ಬರುತ್ತದೆ. ಮನುಷ್ಯರನ್ನು ನಿಧಾನವಾಗಿ ಕಲಿಯಲು ಅವನು ತಾನೇ ಹುಡುಕಿಕೊಂಡ ದಾರಿ ಇದು. ಅದನ್ನು ಅಳಿಸಿಹಾಕಿದರೆ ಅವನ ಸಿಟ್ಟು ಕಡಿಮೆಯಾಗುವುದಿಲ್ಲ. ಸಿಟ್ಟನ್ನು ಹೇಳಿಕೊಳ್ಳಲು ಇದ್ದ ಪದಗಳು ಕಡಿಮೆಯಾಗುತ್ತವೆ.

ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ತಿಳಿಯುವುದಿಲ್ಲ ಎಂಬ ಮಾತನ್ನು ನೀವು ಕೇಳಿರುತ್ತೀರಿ. 1985ರಲ್ಲಿ ಮನೋವಿಜ್ಞಾನಿಗಳಾದ ಸೈಮನ್ ಬ್ಯಾರನ್-ಕೋಹೆನ್, ಆಲನ್ ಲೆಸ್ಲಿ ಮತ್ತು ಊಟಾ ಫ್ರಿತ್ ಲಂಡನ್ನಿನಲ್ಲಿ ಎರಡು ಬೊಂಬೆಗಳ ಕಥೆಯೊಂದನ್ನು ಮಕ್ಕಳಿಗೆ ತೋರಿಸಿದರು. ಒಂದು ಬೊಂಬೆ ಹೊರಗೆ ಹೋದಾಗ ಇನ್ನೊಂದು ಅದರ ಗೋಲಿಯನ್ನು ಬೇರೆ ಕಡೆ ಬಚ್ಚಿಡುತ್ತದೆ. ಹಿಂದಿರುಗಿದ ಬೊಂಬೆ ಗೋಲಿಯನ್ನು ಎಲ್ಲಿ ಹುಡುಕುತ್ತದೆ ಎಂಬುದು ಪ್ರಶ್ನೆ. ತಾನು ಇಟ್ಟಿದ್ದ ಕಡೆಯೇ ಹುಡುಕುತ್ತದೆ ಎನ್ನುವ ಬದಲು, ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಕ್ಕಳು ಗೋಲಿ ಈಗಿರುವ ಕಡೆ ತೋರಿಸಿ ತಪ್ಪು ಉತ್ತರ ಕೊಟ್ಟರು. ಪರಮನಸ್ಸಿನ ಅರಿವೇ ಇವರಿಗಿಲ್ಲ ಎಂಬ ನಂಬಿಕೆ ಅಲ್ಲಿಂದ ಗಟ್ಟಿಯಾಯಿತು. ಆದರೆ ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಬೇರೊಂದು ವಾದ ಮುಂದಿಟ್ಟರು: ಅರ್ಥವಾಗದಿರುವುದು ಎರಡೂ ಕಡೆಯಿಂದ, ಅವರಿಗೆ ನಾವು ಅರ್ಥವಾಗುವುದಿಲ್ಲ, ನಮಗೂ ಅವರು ಅರ್ಥವಾಗುವುದಿಲ್ಲ, ಆದರೆ ಕೊರತೆಯ ಹಣೆಪಟ್ಟಿ ಮಾತ್ರ ಒಂದೇ ಕಡೆಗೆ ಬೀಳುತ್ತದೆ. ನಾನು ಈ ವಾದವನ್ನು ಒಪ್ಪುತ್ತೇನೆ. 1972ರಲ್ಲಿ ಪುಟ್ಟಣ್ಣ ಕಣಗಾಲ್ ತೆರೆಗೆ ತಂದ ಈ ಚಿತ್ರವೂ, ಅದಕ್ಕೆ ಆಧಾರವಾದ ತರಾಸು ಅವರ ಕಾದಂಬರಿಗಳೂ ನಿಮ್ಮ ಊರಿನವೇ. ಅಲ್ಲಿ ಎಡವುವುದು ರಾಮಾಚಾರಿಯೊಬ್ಬನೇ ಅಲ್ಲ, ಅವನ ಸುತ್ತಲಿನವರೂ ಎಡವುತ್ತಾರೆ ಎಂಬುದು ನಿಮ್ಮ ಮಗನಿಗೆ ನಿಮ್ಮ ನೆಂಟರಿಗಿಂತ ಮೊದಲೇ ಕಂಡಿರಬಹುದು.

ಹಾಗೆಂದು ‘ರಾಮಾಚಾರಿಗೂ ಆಟಿಸಂ ಇತ್ತು’ ಎಂದು ಅವನಿಗೆ ಹೇಳಬೇಡಿ. ಆ ಪಾತ್ರವನ್ನು ಯಾರೂ ಹಾಗೆ ರೂಪಿಸಿಲ್ಲ. ‘ನನ್ನ ಹಾಗೆ’ ಎನ್ನುವುದಕ್ಕೂ ‘ನನಗಿರುವುದೇ ಅವನಿಗೂ ಇದೆ’ ಎನ್ನುವುದಕ್ಕೂ ಇರುವ ಅಂತರವನ್ನು ಸರಳವಾಗಿ ತಿಳಿಸಿ. ಯಾವುದರಲ್ಲಿ ನಿನ್ನ ಹಾಗೆ, ಯಾವುದರಲ್ಲಿ ನಿನ್ನ ಹಾಗಲ್ಲ ಎಂದು ಎರಡು ಸಾಲಾಗಿ ಬರೆಯಲು ಹೇಳಿ. ಮಾತಿಗಿಂತ ಬರಹ ಇಂಥ ಮಕ್ಕಳಿಗೆ ಹಲವು ಸಲ ಹಗುರವಾಗಿರುತ್ತದೆ.

ಇನ್ನು ನಿಮಗೇ ಒಂದು ಮಾತು. ಇದನ್ನು ಸ್ವಲ್ಪ ಹಿಂಜರಿಕೆಯಿಂದಲೇ ಹೇಳುತ್ತಿದ್ದೇನೆ. ಆ ಕಥೆಯಲ್ಲಿ ರಾಮಾಚಾರಿಯನ್ನು ಅರ್ಥಮಾಡಿಕೊಂಡ ಮೇಷ್ಟ್ರೇ ಅವನ ಪರವಾಗಿ ತೀರ್ಮಾನಗಳನ್ನೂ ಮಾಡುತ್ತಾರೆ. ಅವನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಬಿಡು ಎಂದು ಮೇಷ್ಟ್ರು ಹೇಳಿದಾಗ ಅವನು ಬಿಡುತ್ತಾನೆ, ಏಕೆಂದರೆ ತನ್ನನ್ನು ಅಷ್ಟು ಪ್ರೀತಿಸಿದ ಮೇಷ್ಟ್ರಿಗೆ ಇಲ್ಲ ಎನ್ನಲು ಅವನಿಗೆ ಬರುವುದಿಲ್ಲ. ಮುಂದೆ ಅವನು ಪ್ರೀತಿಸುವ ಮಾರ್ಗರೆಟ್‌ಳ ವಿಷಯದಲ್ಲಿ ಇಲ್ಲ ಎನ್ನುವ ಹೊತ್ತಿಗೆ ಎಲ್ಲವೂ ಕೈಮೀರಿರುತ್ತದೆ. ಆಟಿಸಂ ಇರುವ ಮಕ್ಕಳ ತಾಯಂದಿರು ಹಲವು ಸಲ ಚಾಮಯ್ಯ ಮೇಷ್ಟ್ರ ಸ್ಥಾನದಲ್ಲಿರುತ್ತಾರೆ. ನಿಮ್ಮ ಮಗನಿಗೆ ಬರುವ ವರ್ಷ ಹದಿನೆಂಟು ತುಂಬುತ್ತದೆ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯ ಮೂಲಕ ಪೋಷಕತ್ವ, ಅಂದರೆ ವಯಸ್ಕನಾದ ಮೇಲೂ ಅವನ ಪರವಾಗಿ ತೀರ್ಮಾನಿಸುವ ಕಾನೂನುಬದ್ಧ ಅಧಿಕಾರ, ಪಡೆಯಲು ಅವಕಾಶವಿದೆಯೆಂದು ಯಾರಾದರೂ ನಿಮಗೆ ಸೂಚಿಸಿಯೇ ಇರುತ್ತಾರೆ. ಅದು ಕೆಲವರಿಗೆ ಅಗತ್ಯ, ಎಲ್ಲರಿಗೂ ಅಲ್ಲ. ಓದು ಬರಹ ಬಲ್ಲ ನಿಮ್ಮ ಮಗನಿಗೆ ಈಗಿನಿಂದಲೇ ಸಣ್ಣ ತೀರ್ಮಾನಗಳನ್ನು ಬಿಟ್ಟುಕೊಡಿ, ಮತ್ತು ಅವನು ಇಲ್ಲ ಎಂದಾಗ ಅದನ್ನು ಹಟವೆಂದು ಬರೆದುಕೊಳ್ಳದೆ ಉತ್ತರವೆಂದು ಸ್ವೀಕರಿಸಿ.

ಈಗ ಚಿತ್ರದ ಕೊನೆ. ಮೇಷ್ಟ್ರು ಬಂಡೆಯಿಂದ ಬಿದ್ದು ಸಾಯುತ್ತಾರೆ, ರಾಮಾಚಾರಿಯೂ ಮಾರ್ಗರೆಟ್‌ಳೂ ಪ್ರಾಣ ಬಿಡುತ್ತಾರೆ. ಆಟಿಸಂ ಇರುವವರಲ್ಲಿ, ಅದರಲ್ಲೂ ತಾವು ಬೇರೆ ಎಂಬ ಅರಿವು ತೀವ್ರವಾಗಿರುವವರಲ್ಲಿ, ಆತ್ಮಹತ್ಯೆಯ ಆಲೋಚನೆ ಇತರರಿಗಿಂತ ಹೆಚ್ಚು ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಆದ್ದರಿಂದ ನೇರವಾಗಿಯೇ ಕೇಳಿ. ‘ಹೇಗಿದ್ದೀಯಾ’ ಎಂದರೆ ‘ಚೆನ್ನಾಗಿದ್ದೀನಿ’ ಎಂಬ ಉತ್ತರ ಬರುತ್ತದೆ. ‘ಸಾಯಬೇಕು ಅಂತ ಯಾವಾಗಲಾದರೂ ಅನ್ನಿಸಿದೆಯಾ, ಹೌದಾ ಇಲ್ಲವಾ’ ಎಂದು ಕೇಳಬೇಕು. ಕೇಳುವುದರಿಂದ ಆ ಆಲೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಎಂದರೆ, ಅಥವಾ ನಿದ್ರೆ ಕೆಟ್ಟಿದ್ದರೆ, ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ, ಇಡೀ ಚಿತ್ರ ಬಿಟ್ಟು ಕೊನೆಯ ದೃಶ್ಯವನ್ನೇ ನೋಡುತ್ತಿದ್ದರೆ, ಅವನನ್ನು ಒಂಟಿಯಾಗಿ ಬಿಡದೆ ಆ ದಿನವೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಇಲ್ಲ ಎಂದರೂ ಒಮ್ಮೆ ಅವನೊಂದಿಗೆ ಕೊನೆಯವರೆಗೆ ಕುಳಿತು ನೋಡಿ, ‘ಇದು ಹೀಗಾಗದೆ ಇರಬೇಕಿದ್ದರೆ ಯಾರು ಏನು ಮಾಡಬೇಕಿತ್ತು’ ಎಂದು ಕೇಳಿ. ಅವನು ಕೊಡುವ ಉತ್ತರ ಅವನ ಮನೆಗೂ ಅನ್ವಯಿಸುತ್ತಿರಬಹುದು; ಕೇಳಿಸಿಕೊಳ್ಳಿ.

ಕೋಟೆಗೆ ಕರೆದೊಯ್ಯಿರಿ. ಭಾನುವಾರ ಮಧ್ಯಾಹ್ನದ ಜನಜಂಗುಳಿಯಲ್ಲಿ ಬೇಡ, ಬಾಗಿಲು ತೆರೆದ ಕೂಡಲೇ ಹೋಗಿ. ದಾರಿ ಅವನೇ ತೋರಿಸಲಿ. ಒನಕೆ ಓಬವ್ವನ ಕಿಂಡಿ ಮೊದಲೋ ಏಕನಾಥೇಶ್ವರಿ ಗುಡಿ ಮೊದಲೋ ಎಂಬುದು ಅವನ ತೀರ್ಮಾನವಾಗಲಿ. ಬಂಡೆಯ ಅಂಚಿಗೆ ಎಷ್ಟು ದೂರ ಎಂಬುದು ಮಾತ್ರ ನಿಮ್ಮದು, ಅದನ್ನು ಮನೆಯಲ್ಲೇ ಮೊದಲು ಸ್ಪಷ್ಟವಾಗಿ ಹೇಳಿ ಒಪ್ಪಿಸಿಕೊಳ್ಳಿ.

ಪ್ರಶ್ನೆ: ನಾನು ದಾವಣಗೆರೆಯವಳು, 26 ವರ್ಷ, ಲೆಕ್ಕಪತ್ರದ ಕೆಲಸ. ಚಿಕ್ಕಂದಿನಿಂದ ಸಿನಿಮಾಗಳಲ್ಲಿ ನಾಯಕಿಗಿಂತ ಬೇರೆ ಗ್ರಹದಿಂದ ಬಂದವನೋ ಯಂತ್ರಮಾನವನೋ ನನ್ನವರು ಎನಿಸುತ್ತಾರೆ. ಆದರೆ ಆಟಿಸಂ ಇದೆಯೆಂದೇ ತೋರಿಸಿದ ಪಾತ್ರಗಳು ನನ್ನ ಹಾಗೆ ಕಾಣುವುದಿಲ್ಲ. ನನಗೆ ಆಟಿಸಂ ಇರಬಹುದೆ?

ಉತ್ತರ: ಪಾತ್ರವೊಂದು ನಮ್ಮದೆನಿಸುವುದು ರೋಗನಿರ್ಣಯವಲ್ಲ, ಆದರೆ ವಿಚಾರಿಸಲು ಅದು ಒಳ್ಳೆಯ ಕಾರಣ. ಹಣೆಪಟ್ಟಿ ಇರುವ ಪಾತ್ರಗಳಲ್ಲಿ ನೀವು ಕಾಣದಿರುವುದಕ್ಕೆ ಆ ಪಾತ್ರಗಳೇ ಬಹುಮಟ್ಟಿಗೆ ಹೊಣೆ. 1988ರ ‘ರೇನ್ ಮ್ಯಾನ್’ ಚಿತ್ರದ ನಂತರ ಆಟಿಸಂ ಎಂದರೆ ಅಸಾಧಾರಣ ಲೆಕ್ಕ ಮತ್ತು ನೆನಪು ಎಂಬ ಕಲ್ಪನೆ ಜಗತ್ತಿನೆಲ್ಲೆಡೆ ಬೇರೂರಿತು. ಆ ಪಾತ್ರಕ್ಕೆ ಪ್ರೇರಣೆಯಾದ ಕಿಮ್ ಪೀಕ್ ಎಂಬವರ ಮಿದುಳಿನಲ್ಲಿ ಎರಡು ಅರೆಗೋಳಗಳನ್ನು ಜೋಡಿಸುವ ನರತಂತುಗಳ ಕಟ್ಟು ಹುಟ್ಟಿನಿಂದಲೇ ಇರಲಿಲ್ಲ; ಅವರಿಗೆ ಇದ್ದದ್ದು ಆಟಿಸಂ ಅಲ್ಲ ಎಂದು ತಜ್ಞರು ನಂತರ ಅಭಿಪ್ರಾಯಪಟ್ಟರು. ನಮ್ಮಲ್ಲಿ 2010ರ ‘ಮೈ ನೇಮ್ ಈಸ್ ಖಾನ್’ ಮತ್ತು 2012ರ ‘ಬರ್ಫಿ’ ಈ ವಿಷಯವನ್ನು ಮನೆಮನೆಗೆ ತಲುಪಿಸಿದವು. ಆದರೂ ಇಂಥ ಪಾತ್ರಗಳನ್ನು ಹೆಚ್ಚಾಗಿ ಹೊರಗಿನಿಂದ ಕಾಣುವ ಲಕ್ಷಣಗಳಿಂದ ಕಟ್ಟಿರುತ್ತಾರೆ. ನಿಮ್ಮ ಯಂತ್ರಮಾನವನನ್ನಾದರೋ ಮನುಷ್ಯರ ರೀತಿನೀತಿಗಳನ್ನು ಒಂದೊಂದಾಗಿ ಬಿಡಿಸಿ ಕಲಿಯುವವನ ಒಳಗಿನಿಂದ ಕಟ್ಟಿರುತ್ತಾರೆ, ಆದ್ದರಿಂದ ಅವನು ನಿಮಗೆ ಹತ್ತಿರದವನೆನಿಸುವುದು ಸಹಜ.

ಹೆಣ್ಣುಮಕ್ಕಳಲ್ಲಿ ಆಟಿಸಂ ತಡವಾಗಿ ಗೊತ್ತಾಗುವುದಕ್ಕೆ ಒಂದು ಕಾರಣ, ಅವರು ಬೇರೆಯವರ ನಗು, ಮಾತು, ಕೈ ಆಡಿಸುವ ರೀತಿಯನ್ನು ನೋಡಿ ನಕಲು ಮಾಡಿ ತಮ್ಮದನ್ನು ಮರೆಮಾಚುವುದು. ಮದುವೆಮನೆಯಿಂದ ಬಂದ ಮೇಲೆ ನಿಮಗೆ ಇಡೀ ದಿನ ಕತ್ತಲೆ ಕೋಣೆ ಬೇಕಾಗುತ್ತದೆಯೇ, ಚಿತ್ರಮಂದಿರದ ಸದ್ದು ಮೈಗೆ ಹೊಡೆದಂತಾಗುತ್ತದೆಯೇ ಎಂಬಂಥ ವಿವರಗಳು ವೈದ್ಯರಿಗೆ ಬಹಳ ಮುಖ್ಯ. 2013ರಲ್ಲಿ ಪರಿಷ್ಕೃತವಾದ ಅಮೆರಿಕದ ಮನೋವೈದ್ಯಕೀಯ ಕೈಪಿಡಿಯು ಇಂದ್ರಿಯಗಳ ಈ ಸೂಕ್ಷ್ಮತೆಯನ್ನು ಲಕ್ಷಣಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಥವಾ ವಯಸ್ಕರ ಆಟಿಸಂ ಬಲ್ಲ ಮನೋವೈದ್ಯರಲ್ಲಿ ವಿಚಾರಿಸಿ. ಲಕ್ಷಣಗಳು ಬಾಲ್ಯದಿಂದ ಇದ್ದವೇ ಎಂದು ಅವರು ಕೇಳಿಯೇ ಕೇಳುತ್ತಾರೆ, ಆದ್ದರಿಂದ ನಿಮ್ಮನ್ನು ಎತ್ತಿ ಆಡಿಸಿದ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ನಿಮ್ಮದೆನಿಸಿದ ಪಾತ್ರಗಳ ಹೆಸರು ಮತ್ತು ಯಾವ ದೃಶ್ಯದಲ್ಲಿ ಹಾಗೆನಿಸಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಎದುರು ಕುಳಿತಾಗ ಮಾತು ಹೊರಡದಿದ್ದರೆ ಆ ಹಾಳೆಯನ್ನೇ ಅವರ ಕೈಗೆ ಕೊಡಬಹುದು.