ಟ್ಯಾಬ್ ಆಮೇಲೆ, ಮೊದಲು ಅವರಿಗೆ ಏನು ಹೇಳಬೇಕಿದೆ ಅಂತ ನೋಡಿ

ಗದಗದಲ್ಲಿ ಖಾನಾವಳಿ ನಡೆಸುವ ಮನೆ. ಯಜಮಾನಿಯನ್ನು ಗಂಗವ್ವ ಅನ್ನೋಣ, ಹೆಸರು ಮತ್ತು ಮನೆಯ ವಿವರ ಬದಲಿಸಿದ್ದೇನೆ. ವಯಸ್ಸು ಅರವತ್ತು ದಾಟಿದೆ. ಲಕ್ವಾ ಹೊಡೆದ ಮೇಲೆ ಬಲಗೈ, ಬಲಗಾಲಿಗೆ ಶಕ್ತಿ ಇಲ್ಲ, ಮಾತು ಬರುವುದಿಲ್ಲ. ಆದರೆ ಒಂದರಿಂದ ಹತ್ತರವರೆಗೆ ಎಣಿಸುತ್ತಾರೆ, ಸಿಟ್ಟು ಬಂದರೆ ಒಂದು ಬೈಗುಳ ಸ್ವಚ್ಛವಾಗಿ ಹೊರಗೆ ಬರುತ್ತದೆ. ಸೊಸೆಗೆ ಇದೇ ನೋವು. "ಬೈಯಾಕ ಬರತೈತಿ, ನೀರು ಬೇಕನ್ನಾಕ ಬರಂಗಿಲ್ಲೇನ್ರಿ ಮೇಡಂ? ಅತ್ತಿ ಬೇಕಂತನ ಮಾಡ್ತಾರ."

ಬೇಕಂತ ಮಾಡುತ್ತಿಲ್ಲ. ಜಾಸ್ತಿ ಜನರಲ್ಲಿ ಮಾತನ್ನು ನಡೆಸುವುದು ಮೆದುಳಿನ ಎಡಭಾಗ. ಅಲ್ಲಿ ಪೆಟ್ಟಾದರೆ ಹೊಸದಾಗಿ ಒಂದು ಮಾತು ಕಟ್ಟುವುದು ಆಗುವುದಿಲ್ಲ, ಆದರೆ ಬಾಯಿಪಾಠವಾಗಿರುವ ಎಣಿಕೆ, ಭಜನೆ, ಬೈಗುಳ ಉಳಿದುಕೊಂಡಿರಬಹುದು. ಇದಕ್ಕೆ ಅಫೇಸಿಯಾ ಅನ್ನುತ್ತಾರೆ. ಇದನ್ನು ಬಿಡಿಸಿ ಹೇಳಿದ ಮೇಲೆ ಸೊಸೆಯ ಧ್ವನಿ ಬದಲಾಯಿತು.

ಬೆಂಗಳೂರಿನಲ್ಲಿರುವ ದೊಡ್ಡ ಮಗ ಪ್ರೀತಿಯಿಂದಲೇ ದುಬಾರಿ ಟ್ಯಾಬ್ ಕಳಿಸಿದ್ದ. ಚಿತ್ರ ಒತ್ತಿದರೆ ಇಂಗ್ಲಿಷಿನಲ್ಲಿ ಮಾತಾಡುವ ಆಪ್. ಅದರೊಳಗೆ ಬರ್ಗರ್, ಟೋಸ್ಟರ್, ಹಿಮದ ಗೊಂಬೆ. ಗಂಗವ್ವ ಅದನ್ನು ಪಕ್ಕಕ್ಕೆ ತಳ್ಳಿದರು. "ಅವ್ವಗ ತಿಳಿಯಂಗಿಲ್ಲ ಬಿಡ್ರಿ" ಅಂತ ಮನೆಯವರು ತೀರ್ಮಾನ ಮಾಡಿ ಅದನ್ನು ಕಪಾಟಿನಲ್ಲಿಟ್ಟರು. ಈ ತೀರ್ಮಾನವೇ ನನಗೆ ಸಂಕಟ ತರುವುದು. ಸಾಧನ ಹೊಂದಲಿಲ್ಲ ಅಂದರೆ ಮನುಷ್ಯರಿಗೆ ಬುದ್ಧಿ ಇಲ್ಲ ಅಂತಲ್ಲ.

ವಾಕ್ ಚಿಕಿತ್ಸಕಿಯ ಜೊತೆ ಕೂತು ಮೊದಲಿಂದ ನೋಡಿದೆವು. ಆಸ್ಪತ್ರೆಯಿಂದ ಬಂದ ಮೇಲೆ ಗಂಗವ್ವನ ಕನ್ನಡಕ ಯಾರೂ ಹಾಕಿರಲಿಲ್ಲ, ಮೊದಲು ಅದನ್ನು ಹಾಕಿಸಿದೆವು. ಬಲಗಡೆ ಇಟ್ಟ ಚಿತ್ರಗಳು ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ, ಲಕ್ವಾದಲ್ಲಿ ಹೀಗೂ ಆಗುತ್ತದೆ. ಮೊದಲು ಪೇಪರ್ ಓದುತ್ತಿದ್ದವರಿಗೆ ಈಗ ಅಕ್ಷರ ಹಿಡಿಯುವುದಿಲ್ಲ. ಫೋಟೋ, ನೋಟು, ಅಂಕಿ ಚೆನ್ನಾಗಿ ಗುರುತಿಸುತ್ತಾರೆ. ಅಲ್ಲಿಗೆ ಅಕ್ಷರ ಮುಟ್ಟಿ ಮಾತು ತಿಳಿಸುವ ಹಲಗೆ ಬೇಡ ಅಂತಾಯಿತು.

ಹೌದು, ಅಲ್ಲ ಎಂಬುದಕ್ಕೆ ಜಾಸ್ತಿ ಹೊತ್ತು ಕೊಟ್ಟೆವು. ನಮ್ಮ ಕಡೆ ಹೂಂ ಅನ್ನುವುದಕ್ಕೂ ತಲೆ ಅತ್ತಿತ್ತ ಓಲಾಡುತ್ತದೆ, ಊಹೂಂ ಅನ್ನುವುದಕ್ಕೂ ಅತ್ತಿತ್ತ ತಿರುಗುತ್ತದೆ, ಕುತ್ತಿಗೆಗೆ ಬಲ ಇಲ್ಲದವರಲ್ಲಿ ಎರಡನ್ನೂ ಬೇರೆ ಮಾಡಿ ನೋಡುವುದು ಕಷ್ಟ. ಮೇಲಾಗಿ ಅಫೇಸಿಯಾ ಇರುವವರು ಬೇಡ ಅನ್ನಲು ಹೋಗಿ ಹೌದು ಅಂದುಬಿಡಬಹುದು. ಅದಕ್ಕೆ ಹಸಿರು, ಕೆಂಪು ಎರಡು ಕಾರ್ಡ್ ಕೊಟ್ಟು, ಉತ್ತರ ನಮಗೆ ಮೊದಲೇ ಗೊತ್ತಿರುವ ಪ್ರಶ್ನೆ ಕೇಳಿದೆವು. ಇದು ಹುಬ್ಬಳ್ಳಿಯಾ? ಇದು ನಿಮ್ಮ ಮಗನಾ? ಕೇಳುವಾಗ ಕಣ್ಸನ್ನೆ, ಕೈಸನ್ನೆ ಯಾವುದೂ ಇಲ್ಲ. ಕಾರ್ಡ್ ಮುಟ್ಟಿ ಸರಿಯಾಗಿ ಹೇಳಿದರು. ಅದೇ ಹೊತ್ತಿಗೆ ಬಾಯಿ "ಹೌದ್ ಹೌದ್" ಅನ್ನುತ್ತಿತ್ತು! ಮನೆಯವರು ಇಷ್ಟು ದಿನ ಆ ಬಾಯಿಮಾತನ್ನೇ ನಂಬಿ ಬೇಡದ ಊಟ ಬಡಿಸುತ್ತಿದ್ದರು.

ಇನ್ನು, ಏನು ಹೇಳಬೇಕಿದೆ? ಸಾಮಾನ್ಯವಾಗಿ ಚಿತ್ರ ಮುಟ್ಟಿ ಹೇಳುವ ಹಲಗೆ ಅಂದರೆ ನೀರು, ಊಟ, ಪಾಯಖಾನೆ, ನೋವು, ಇಷ್ಟೇ ಇರುತ್ತದೆ. ಇವು ಬೇಕು. ಆದರೆ ಗಂಗವ್ವ ತಾಟು ಬೀಸಿ ಒಗೆಯುತ್ತಿದ್ದದ್ದು ಸಂಜೆ, ಗಲ್ಲಾ ಎಣಿಸುವ ಹೊತ್ತಿಗೆ. ಯಾರ ಉದ್ರಿ ಬಂತು, ಜೋಳ ಎಲ್ಲಿಂದ ತಂದಿರಿ, ರೊಟ್ಟಿ ಬಡಿಯುವವಳಿಗೆ ಪಗಾರ ಕೊಟ್ಟಿರಾ, ಇದನ್ನೆಲ್ಲ ಕೇಳಬೇಕಿತ್ತು ಅವರಿಗೆ. ಇಡೀ ಜೀವನ ವ್ಯವಹಾರ ಮಾಡಿದವರಿಗೆ ನೀರಿನ ಚಿತ್ರ ಮಾತ್ರ ಕೊಟ್ಟರೆ ಸಿಟ್ಟು ಬರುವುದಿಲ್ಲವಾ?

ಅವರ ಮನೆಯದೇ ಫೋಟೋ ತೆಗೆಸಿದೆ. ಮಕ್ಕಳು, ಕಾಯಂ ಗಿರಾಕಿಗಳು, ಉದ್ರಿ ಪುಸ್ತಕ, ಜೋಳದ ಚೀಲ, ಗ್ಯಾಸ್ ಸಿಲಿಂಡರ್. ಒಂದು ಹಾಳೆಗೆ ಆರೇ ಫೋಟೋ, ನಡುವೆ ದೊಡ್ಡ ಜಾಗ, ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್. ಹಲಗೆ ಅವರ ಎಡಗಡೆಗೆ, ಎಡಗೈಗೆ ಸಿಗುವಂತೆ. ಪ್ರತಿ ಹಾಳೆಯಲ್ಲೂ ಎರಡು ಚಿತ್ರ ಖಾಯಂ: "ತಡೀರಿ, ನಾ ಹೇಳ್ತೀನಿ" ಮತ್ತು "ಇದರಾಗ ಇಲ್ಲ, ಬ್ಯಾರೆ ಐತಿ". ಎರಡನೆಯದು ಇಲ್ಲದಿದ್ದರೆ ಅವರು ನಾವು ಕೊಟ್ಟ ಚಿತ್ರಗಳಿಗೇ ಕಟ್ಟುಬೀಳುತ್ತಾರೆ.

ಮನೆಯವರಿಗೆ ಹೇಳಿದ್ದು ಇಷ್ಟು. ನೀವೂ ಮಾತಾಡುವಾಗ ಅದೇ ಫೋಟೋ ಮುಟ್ಟಿ ಮಾತಾಡಿ, ಅವರೊಬ್ಬರೇ ಮುಟ್ಟಬೇಕು ಅಂದರೆ ಅದು ಪರೀಕ್ಷೆ ಆಗುತ್ತದೆ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಆಮೇಲೆ ಸುಮ್ನೆ ಕಾಯಿರಿ. ಬಾಯಿಬಿಟ್ಟು ಹೇಳಿದರೇ ನೀರು ಕೊಡುತ್ತೇವೆ ಅನ್ನಬೇಡಿ. "ಚಿತ್ರ ಕೊಟ್ರ ಮಾತು ಬರೂದ ನಿಂತಬಿಡತೈತೇನ್ರಿ?" ಅಂತ ಚಿಕ್ಕ ಮಗ ಕೇಳಿದ. ನಿಲ್ಲುವುದಿಲ್ಲ. ಚಿತ್ರದಿಂದ ಮಾತಿಗೆ ಅಡ್ಡಿಯಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ, ಎರಡೂ ಜೊತೆಯಲ್ಲೇ ನಡೆಯಬೇಕು. ಧಾರವಾಡದಲ್ಲಿ ಜೆಎಸ್‌ಎಸ್ ವಾಕ್ ಶ್ರವಣ ಸಂಸ್ಥೆ ಇದೆ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಚಿಕಿತ್ಸೆ ಬಿಡಬೇಡಿ ಅಂದೆ.

ಟ್ಯಾಬ್ ಎಸೆಯಬೇಕಿಲ್ಲ. ಚೆನ್ನೈನಲ್ಲಿ ತಯಾರಾದ ಆವಾಜ್, ಐಐಟಿ ಬಾಂಬೆಯ ಜೆಲ್ಲೋ ತರಹದ, ಚಿತ್ರ ಒತ್ತಿದರೆ ಮಾತಾಡುವ ಆಪ್‌ಗಳಿವೆ. ಆದರೆ ದುಡ್ಡು ಹಾಕುವ ಮುಂಚೆ ಕೆಲವು ವಾರ ಬಳಸಿ ನೋಡಿ: ಎಡಗೈ ಬೆರಳಿಗೆ ಚೌಕ ಸಿಗುತ್ತಾ, ಬಿಸಿಲಲ್ಲಿ ಪರದೆ ಕಾಣುತ್ತಾ, ಚಾರ್ಜ್ ಮಾಡುವವರು, ಹೊಸ ಫೋಟೋ ಸೇರಿಸುವವರು ಯಾರು? ಮೊಮ್ಮಕ್ಕಳು ಅದರಲ್ಲೇ ಆಟ ಆಡಿದರೆ ಅಜ್ಜಿಯ ಬಾಯಿ ಕಸಿದುಕೊಂಡ ಹಾಗೆ. ಮಷೀನಿನ ಪುಸ್ತಕದ ಕನ್ನಡ ಗಂಗವ್ವಗೆ ಹಿಡಿಸಲಿಲ್ಲ, ಅದಕ್ಕೆ ಅವರ ತಂಗಿಯ ಧ್ವನಿಯಲ್ಲಿ ನಮ್ಮ ಭಾಷೆಯಲ್ಲೇ ರೆಕಾರ್ಡ್ ಮಾಡಿಸುತ್ತಿದ್ದಾರೆ. ಕರೆಂಟ್ ಹೋದರೂ, ಬ್ಯಾಟರಿ ಮುಗಿದರೂ ಕಾಗದದ ಹಲಗೆ ಕೈಯಲ್ಲಿರಲೇಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾತು ಮತ್ತು ಭಾಷೆಯ ಅಂಗವೈಕಲ್ಯವೂ ಇದೆ, ಅದರಲ್ಲಿ ಅಫೇಸಿಯಾ ಸೇರುತ್ತದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಲು ಹೇಳಿದ್ದೇನೆ. ಮಾತಿಗೆ ಬದಲಾದ ಇಂಥ ವಿಧಾನಗಳನ್ನೂ ಆ ಕಾಯ್ದೆ ಸಂವಹನ ಅಂತಲೇ ಒಪ್ಪುತ್ತದೆ, ಹಾಗಾಗಿ ಬ್ಯಾಂಕಿನಲ್ಲಿ ಹಲಗೆ ತೋರಿಸಲು ಸಂಕೋಚ ಬೇಡ. ಮನೆಗೆ ಪಿಗ್ಮಿ ಹಣಕ್ಕೆ ಬರುವ ಹುಡುಗ ಈಗ ಸೊಸೆಯ ಹತ್ತಿರ ಮಾತಾಡಿ ಹೋಗುತ್ತಾನೆ. ಖಾತೆ ಗಂಗವ್ವನದು. ಇನ್ನು ಮೇಲೆ ಅವನು ಅವರ ಎದುರಿಗೆ ಕೂತು, ಅಂಕಿಯ ಹಾಳೆ ಇಟ್ಟು, ಇವತ್ತು ಎಷ್ಟು ಕಟ್ಟುತ್ತೀರಿ ಅಂತ ಅವರನ್ನೇ ಕೇಳಬೇಕು ಅಂತ ಸೊಸೆಗೆ ಹೇಳಿ ಬಂದಿದ್ದೇನೆ.