ಜಿಂಕೆಯ ಹೊಟ್ಟೆ ಬಿಡಿಸುವಾಗ ಚಾಕುವಿಗೆ ಅವಸರ ಬೇಡ

ಅಣ್ಣಾ ಅಂತ ಕರೆದು ಕೇಳಿದ್ದೀರಿ, ಅಣ್ಣನ ಹಾಗೇ ಹೇಳುತ್ತೇನೆ. ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದು ಮೂರು ತಿಂಗಳಾಗಿದೆ, ಆಫೀಸಿನವರು ನವೆಂಬರ್‌ನ ಜಿಂಕೆ ಬೇಟೆಗೆ ಕರೆಯುತ್ತಿದ್ದಾರೆ, ಹೋದರೆ ಆ ಹೊಟ್ಟೆ ಬಿಡಿಸುವ ಕೆಲಸ ಹೇಗಿರುತ್ತದೆ, ಮಾಂಸ ಕೊಳೆಯಾಗದ ಹಾಗೆ ಹೇಗೆ ಮಾಡುತ್ತಾರೆ, ಕೊಟ್ಟರೆ ತಿನ್ನಬಹುದಾ ಅಂತ ನಿಮ್ಮ ಪ್ರಶ್ನೆ. ಖಂಡಿತ ಹೋಗಿ. ನಾನು ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ. ಇಲ್ಲಿನವರು ನನ್ನನ್ನು ತಮ್ಮವನು ಅಂತ ನೋಡಲು ಶುರು ಮಾಡಿದ್ದು, ಒಂದು ಜಿಂಕೆಯ ಕಾಲು ಹಿಡಿದುಕೊಂಡು ಅವರ ಜೊತೆ ಹಿಮದಲ್ಲಿ ಮಂಡಿಯೂರಿ ಕೂತ ಮೇಲೆ.

ಕಾನೂನಿನ ಮಾತು ಮೊದಲು ಮುಗಿಸೋಣ. 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಇಲ್ಲಿ ಬೇಟೆಯ ಲೈಸೆನ್ಸ್ ತಗೊಳ್ಳಬೇಕಾದರೆ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿರಬೇಕು, ಇಲ್ಲದಿದ್ದರೆ ಅನುಭವಿ ಒಬ್ಬರು ಕೈಗೆಟುಕುವಷ್ಟು ಹತ್ತಿರದಲ್ಲೇ ಇರಬೇಕು. ನೀವು ಎಚ್1ಬಿ ಅಂದಿರಿ. ಆ ವೀಸಾದಲ್ಲಿ ಇರುವವರು ಬಂದೂಕು ಹಿಡಿಯುವುದಕ್ಕೆ ಫೆಡರಲ್ ಕಾನೂನು ಅಡ್ಡ ಬರುತ್ತದೆ, ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಹಾಗಾಗಿ ಲೈಸೆನ್ಸ್ ಕೈಗೆ ಬರುವ ತನಕ ಯಾರಾದರೂ 'ಸುಮ್ನೆ ಹಿಡಿದು ನೋಡು' ಅಂದರೂ ಮುಟ್ಟಬೇಡಿ. ಈ ವರ್ಷ ಕಿತ್ತಳೆ ಜಾಕೆಟ್ ಹಾಕಿಕೊಂಡು ಹೋಗಿ, ನೋಡಿ, ಕೈ ಜೋಡಿಸಿ. ಅಷ್ಟು ಸಾಕು.

ಈಗ ಮಾಂಸದ ವಿಷಯ. ಜಿಂಕೆ ಬಿದ್ದ ಮೇಲೂ ಒಳಗಡೆ ಮೈ ಬಿಸಿ ಹಾಗೇ ಇರುತ್ತದೆ, ದಪ್ಪ ಚರ್ಮ ಮತ್ತು ಕೂದಲು ಆ ಬಿಸಿಯನ್ನು ಹೊರಗೆ ಬಿಡುವುದಿಲ್ಲ. 4 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಅದಕ್ಕೇ ಕರುಳು, ಹೊಟ್ಟೆ ಎಲ್ಲ ಕಾಡಿನಲ್ಲೇ ತೆಗೆದು ಒಳಗೆ ಗಾಳಿ ಆಡುವ ಹಾಗೆ ಮಾಡುವುದು. ಇದನ್ನೇ ಇವರು ಫೀಲ್ಡ್ ಡ್ರೆಸ್ಸಿಂಗ್ ಅನ್ನುವುದು. ಕೆಲಸ ಬೇಗ ಶುರು ಮಾಡಬೇಕು ನಿಜ, ಆದರೆ ಚಾಕು ನಿಧಾನವಾಗಿಯೇ ಹೋಗಬೇಕು. ಹೊಸಬರು ಇಲ್ಲೇ ಎಡವುತ್ತಾರೆ.

ನಾನೂ ಎಡವಿದೆ. ನನ್ನ ಮೊದಲ ಜಿಂಕೆ, ಕತ್ತಲಾಗುತ್ತಿತ್ತು, ಬೆರಳು ಮರಗಟ್ಟಿತ್ತು, ಬೇಗ ಮುಗಿಸೋಣ ಅಂತ ಚಾಕುವಿನ ಮೊನೆಯನ್ನು ಕೆಳಮುಖ ಮಾಡಿ ಒತ್ತಿಬಿಟ್ಟೆ. ಜಿಂಕೆಯ ಹೊಟ್ಟೆಚೀಲ ದೊಡ್ಡದು, ಬೂದು ಬಣ್ಣ, ಗಾಳಿ ತುಂಬಿ ಉಬ್ಬಿರುತ್ತದೆ, ಮೊದಲ ಸೀಳು ಬಿಟ್ಟ ತಕ್ಷಣ ತಾನಾಗಿಯೇ ಹೊರಗೆ ಒತ್ತಿಕೊಂಡು ಬರುತ್ತದೆ. ಮೊನೆ ತಾಗಿ 'ಉಸ್' ಅಂತ ಸದ್ದಾಯಿತು, ಆಮೇಲೆ ಹುಳಿ ಹಿಡಿದ ಹುಲ್ಲಿನ ವಾಸನೆ, ಹಸಿರು ಗಂಜಿಯಂಥದ್ದು ಒಳಗೆಲ್ಲ ಹರಿಯಿತು. ಬೆನ್ನುಮೂಳೆಯ ಕೆಳಗೆ, ಒಳಗಡೆಗೆ ಎರಡು ಮೃದುವಾದ ತುಂಡುಗಳಿರುತ್ತವೆ, ಟೆಂಡರ್‌ಲಾಯಿನ್ ಅನ್ನುತ್ತಾರೆ, ಜಿಂಕೆಯಲ್ಲಿ ಅದಕ್ಕಿಂತ ಒಳ್ಳೆಯ ಮಾಂಸ ಇಲ್ಲ. ಎರಡನ್ನೂ ಎಸೆಯಬೇಕಾಯಿತು. ಒಂದು ಜೀವ ತೆಗೆದು ಅದರ ಒಳ್ಳೆಯ ಭಾಗವನ್ನೇ ಹಾಳು ಮಾಡಿದೆನಲ್ಲ ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ಇದನ್ನು ಚೆನ್ನಾಗಿ ನೋಡಿಕೊಳ್ಳಿ. ಜಿಂಕೆಯನ್ನು ಬೆನ್ನ ಮೇಲೆ ಮಲಗಿಸುತ್ತಾರೆ, ನೀವು ಹಿಂಗಾಲು ಅಗಲಿಸಿ ಹಿಡಿಯಿರಿ. ಎದೆಮೂಳೆ ಮುಗಿಯುವ ಜಾಗದಲ್ಲಿ ಚರ್ಮವನ್ನು ಚಿವುಟಿ ಮೇಲಕ್ಕೆತ್ತಿ ಸಣ್ಣ ತೂತು. ಆ ತೂತಿನೊಳಗೆ ಎಡಗೈಯ ಎರಡು ಬೆರಳು, ಗೆಲುವಿನ ಗುರುತು ತೋರಿಸುವ ಹಾಗೆ ಬಿಡಿಸಿಕೊಂಡು, ಹೊಟ್ಟೆಚೀಲವನ್ನು ಕೆಳಕ್ಕೆ ಒತ್ತಿ ಹಿಡಿಯಬೇಕು. ಬೆರಳುಗಳ ಮಧ್ಯೆ ಚಾಕು, ಅಲಗು ಆಕಾಶ ನೋಡುತ್ತಿರಬೇಕು. ಹಾಗೇ ಹಿಂಗಾಲಿನ ಕಡೆಗೆ ನಿಧಾನವಾಗಿ ಸೀಳುತ್ತಾ ಹೋಗುವುದು. ಅಲಗು ಮೇಲಿದ್ದರೆ ಇನ್ನೊಂದು ಲಾಭ ಇದೆ: ಚರ್ಮ ಒಳಗಿನಿಂದ ಸೀಳುತ್ತದೆ, ಕೂದಲು ತುಂಡಾಗುವುದಿಲ್ಲ. ಹೊರಗಿನಿಂದ ಕೊಯ್ದರೆ ತುಂಡು ಕೂದಲು ಮಾಂಸಕ್ಕೆ ಅಂಟುತ್ತದೆ, ಆರಿಸಿ ಆರಿಸಿ ಸಾಕಾಗುತ್ತದೆ. ಮೂರ್ನಾಲ್ಕು ಇಂಚಿನ ಅಲಗು ಧಾರಾಳ, ದೊಡ್ಡ ಚಾಕು ಕೈಯ ಹಿಡಿತಕ್ಕೆ ಸಿಗುವುದಿಲ್ಲ.

ಗುದದ ಸುತ್ತ ವೃತ್ತಾಕಾರವಾಗಿ ಕೊಯ್ದು, ಆ ಕರುಳನ್ನು ಸ್ವಲ್ಪ ಹೊರಗೆಳೆದು ದಾರ ಕಟ್ಟಬೇಕು, ಆಗ ಹಿಕ್ಕೆ ಒಳಗೆ ಬೀಳುವುದಿಲ್ಲ. ಮೂತ್ರಚೀಲ ತುಂಬಿದ್ದರೆ ಅದರ ಕತ್ತನ್ನು ಬೆರಳಲ್ಲಿ ಗಟ್ಟಿಯಾಗಿ ಹಿಸುಕಿ ಹಿಡಿದೇ ಕತ್ತರಿಸಬೇಕು. ಎದೆಗೂ ಹೊಟ್ಟೆಗೂ ಮಧ್ಯೆ ಇರುವ ಪರದೆಯನ್ನು ಪಕ್ಕೆಲುಬಿನ ಅಂಚಿನಲ್ಲೇ ಕೊಯ್ದು, ತೋಳನ್ನು ಎದೆಯೊಳಗೆ ಮೊಣಕೈವರೆಗೆ ತೂರಿಸಿ, ಗಂಟಲ ಕೊಳವೆಯನ್ನು ಎಷ್ಟು ಮೇಲೆ ಸಾಧ್ಯವೋ ಅಷ್ಟು ಮೇಲೆ ಕತ್ತರಿಸಿ ಎಳೆದರೆ ಎಲ್ಲಾ ಒಟ್ಟಿಗೆ ಬರುತ್ತದೆ. ಈ ಹಂತದಲ್ಲಿ ಕೈ ಕಾಣುವುದಿಲ್ಲ, ಆದರೆ ಕೈಯಲ್ಲಿ ಚಾಕು ಇರುತ್ತದೆ. ಬೆರಳು ಕೊಯ್ದುಕೊಳ್ಳುವುದು ಜಾಸ್ತಿ ಇಲ್ಲೇ, ಅದಕ್ಕೆ ಈ ಕೆಲಸ ಅನುಭವಿಗಳಿಗೇ ಬಿಡಿ. ಆಮೇಲೆ ಜಿಂಕೆಯನ್ನು ಮಗ್ಗುಲಿಗೆ ಉರುಳಿಸಿ ರಕ್ತ ಬಸಿದು, ಎದೆ ಮುಚ್ಚಿಕೊಳ್ಳದ ಹಾಗೆ ಒಂದು ಕಡ್ಡಿ ಅಡ್ಡ ಕೊಡುತ್ತಾರೆ. ಚಳಿ ದಿನ ಆಗ ಒಳಗಿನಿಂದ ಹಬೆ ಏಳುವುದು ಕಾಣುತ್ತದೆ. ಬಿಸಿ ಹೊರಗೆ ಹೋಗುತ್ತಿದೆ ಅಂತ ಅರ್ಥ.

ಹಿಂಗಾಲಿನ ಮಧ್ಯದ ಗಂಟಿನ ಒಳಬದಿಯಲ್ಲಿ ಕಪ್ಪಾದ ಕೂದಲ ಗುಚ್ಛ ಇರುತ್ತದೆ, ನಾತ ಹೊಡೆಯುತ್ತದೆ. ಅದು ಗ್ರಂಥಿ. ಕಾಲು ಹಿಡಿಯುವವರು ನೀವೇ ಆದ್ದರಿಂದ ಹೇಳುತ್ತಿದ್ದೇನೆ, ಅದನ್ನು ಮುಟ್ಟಿದ ಗ್ಲೌಸಿನಲ್ಲಿ ಮಾಂಸ ಮುಟ್ಟಬೇಡಿ, ಬದಲಾಯಿಸಿ. ಎರಡು ಮೂರು ಜೊತೆ ನೈಟ್ರೈಲ್ ಗ್ಲೌಸ್, ಒಂದು ಸುರುಳಿ ಪೇಪರ್ ಟವೆಲ್, ಸ್ವಲ್ಪ ದಾರ ಜೇಬಲ್ಲಿರಲಿ. ಅಕಸ್ಮಾತ್ ಏನಾದರೂ ಚೆಲ್ಲಿದರೆ ತಕ್ಷಣ ಟವೆಲಿನಿಂದ ಒರೆಸಿ, ಅದು ತಾಗಿದ ಮಾಂಸವನ್ನು ತೆಳುವಾಗಿ ಕೆತ್ತಿ ತೆಗೆಯಬೇಕು. ಹಳ್ಳದ ನೀರಲ್ಲಿ ತೊಳೆಯಲೇಬೇಡಿ, ಕೊಳೆ ಇನ್ನಷ್ಟು ಹರಡುತ್ತದೆ. ಗುಂಡು ತಾಗಿದ ಜಾಗದ ಸುತ್ತ ಧಾರಾಳವಾಗಿ ಕತ್ತರಿಸಿ ಎಸೆಯಿರಿ, ಸೀಸದ ಗುಂಡಾದರೆ ಕಣ್ಣಿಗೆ ಕಾಣದ ಚೂರು ದೂರದವರೆಗೆ ಸಿಡಿದಿರುತ್ತದೆ. ಗಾಡಿಯವರೆಗೆ ಎಳೆಯುವಾಗ ತಲೆಯ ಕಡೆಯಿಂದ ಎಳೆಯಬೇಕು, ಕೂದಲ ದಿಕ್ಕಿಗೆ. ಬಿಸಿಲಿದ್ದರೆ ಹೊಟ್ಟೆಯೊಳಗೆ ಐಸ್ ಚೀಲ ಇಡಿ. ಮನೆಗೆ ಬಂದು ಮೈಗೆ ರಕ್ತ ಹೀರುವ ಉಣ್ಣಿ ಕಚ್ಚಿಕೊಂಡಿವೆಯಾ ಅಂತ ನೋಡಿಕೊಳ್ಳಿ, ನವೆಂಬರಲ್ಲೂ ಇರುತ್ತವೆ, ಲೈಮ್ ರೋಗ ತರುವಂಥವು.

ಕೊನೆಗೆ ತಿನ್ನುವ ವಿಷಯ. ಇಲ್ಲಿನ ಜಿಂಕೆಗಳಲ್ಲಿ ಸಿಡಬ್ಲ್ಯೂಡಿ ಅನ್ನುವ ಮಿದುಳಿನ ರೋಗ ಇದೆ, ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಪತ್ತೆಯಾಯಿತು. ಮನುಷ್ಯರಿಗೆ ಬಂದ ದೃಢಪಟ್ಟ ಪ್ರಕರಣ ಇಲ್ಲ, ಆದರೆ ರೋಗ ಇರುವ ಜಿಂಕೆಯನ್ನು ತಿನ್ನಬೇಡಿ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ, ರೋಗ ತರುವ ಅಂಶ ಬೇಯಿಸಿದರೆ ಸಾಯುವಂಥದ್ದೂ ಅಲ್ಲ. ಮಿದುಳು, ಬೆನ್ನುಹುರಿ ಕಡೆ ಚಾಕು ಹಾಕದಿರಲಿ. ಜಿಂಕೆ ಸಿಕ್ಕ ಮರುದಿನ ಸಂಜೆ 5ರೊಳಗೆ ನೋಂದಣಿ ಆಗಬೇಕು, ಅದರ ಜೊತೆಗೇ ತಲೆಯನ್ನು ಪರೀಕ್ಷೆಗೆ ಕೊಡಿ ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ನಿಮ್ಮ ಪಾಲಿಗೆ ಬಂದ ಪೊಟ್ಟಣದ ಮೇಲೆ ಯಾವ ಜಿಂಕೆಯದು ಅಂತ ಬರೆದು, ಫಲಿತಾಂಶ ಬರುವವರೆಗೆ ಫ್ರೀಜರ್‌ನಲ್ಲಿ ಬೇರೆಯಾಗಿ ಇಟ್ಟುಬಿಡಿ.