ಸಿಗಡಿ ಮುಟ್ಟದವರ ಮೈಯಲ್ಲಿ ಗ್ಲುಕೋಸಮೈನ್ ಎಲ್ಲಿಂದ ಬರತ್ತೆ?

ಅಮ್ಮನ ಮಂಡಿನೋವಿನ ಗ್ಲುಕೋಸಮೈನ್ ಮಾತ್ರೆ ಸಿಗಡಿ ಸಿಪ್ಪೆಯಿಂದ ಮಾಡಿದ್ದು ಅಂತ ಗೊತ್ತಾಗಿ, ಶಿರಸಿಯ ನಮ್ಮಂಥ ಸಸ್ಯಾಹಾರಿಗಳ ಕೀಲಲ್ಲಿ ಇದು ಇರೋದೇ ಇಲ್ವಾ ಅಂತ ಕೇಳಿದೀರಿ. ಇದೆ ಮಾರಾಯ್ರೆ, ಎಲ್ಲರ ಮೈಲೂ ಇದೆ. ಗ್ಲುಕೋಸಮೈನ್ ಅಂದ್ರೆ ನೈಟ್ರೋಜನ್ ಸೇರಿದ ಒಂದು ಸಕ್ಕರೆ, ಅದನ್ನ ದೇಹವೇ ಮಾಡ್ಕೊಳ್ಳತ್ತೆ. ನಾನು ಕಾರವಾರದಲ್ಲಿ ಬಿಎಸ್ಸಿ ಮಕ್ಕಳಿಗೆ ಪಾಠ ಮಾಡ್ತೀನಿ, ಇಲ್ಲಿ ಪ್ರಶ್ನೆ ಉಲ್ಟಾ ಬರತ್ತೆ, ಸಿಗಡಿ ಜಾಸ್ತಿ ತಿಂದ್ರೆ ಮಂಡಿ ಗಟ್ಟಿ ಆಗತ್ತಾ ಸರ್ ಅಂತ!

ನೀವು ಉಂಡ ಅನ್ನ ತಂಬುಳಿಯೇ ಸಾಕು. ಅನ್ನದ ಗ್ಲುಕೋಸ್ ಜೀವಕೋಶದೊಳಗೆ ಫ್ರಕ್ಟೋಸ್-6-ಫಾಸ್ಫೇಟ್ ಅನ್ನೋ ಫಾಸ್ಫೇಟ್ ಅಂಟಿದ ಸಕ್ಕರೆ ಆಗತ್ತೆ, ಅದರಲ್ಲಿ ಹೆಚ್ಚಿನದು ಶಕ್ತಿಗೆ ಹೋಗತ್ತೆ, ಸ್ವಲ್ಪ ಮಾತ್ರ ಗ್ಲುಕೋಸಮೈನ್ ಮಾಡೋ ಕಡೆ ತಿರುಗತ್ತೆ. ಇಲ್ಲಿ ಕೆಲಸ ಮಾಡೋ ಕಿಣ್ವದ (ಎನ್‌ಜೈಮ್) ಚಿಕ್ಕ ಹೆಸರು ಜಿಎಫ್‌ಎಟಿ. ಸಕ್ಕರೆಗೆ ಸೇರಿಸೋ ನೈಟ್ರೋಜನ್ ಬರೋದು ಗ್ಲುಟಮೈನ್ ಅನ್ನೋ ಅಮೈನೋ ಆಮ್ಲದಿಂದ, ಅದನ್ನೂ ದೇಹವೇ ಮಾಡ್ಕೊಳ್ಳತ್ತೆ. ನಂಗೆ ತುಂಬಾ ಇಷ್ಟವಾಗೋದು ಈ ಕಿಣ್ವದ ರಚನೆ. ಕಿಣ್ವದ ಒಂದು ಭಾಗ ಗ್ಲುಟಮೈನ್‌ನಿಂದ ಅಮೋನಿಯ ಕಿತ್ತುಕೊಳ್ಳತ್ತೆ, ಅದನ್ನ ಹೊರಗೆ ಬಿಡದೆ ಒಳಗಿರೋ ಸಣ್ಣ ಸುರಂಗದಲ್ಲೇ ಇನ್ನೊಂದು ಭಾಗಕ್ಕೆ ದಾಟಿಸತ್ತೆ, ಅಲ್ಲಿ ಸಕ್ಕರೆ ಕಾದು ಕೂತಿರತ್ತೆ, ಎರಡೂ ಸೇರಿ ಗ್ಲುಕೋಸಮೈನ್-6-ಫಾಸ್ಫೇಟ್, ಉಳಿದದ್ದು ಗ್ಲುಟಮೇಟ್. ಈ ಕ್ರಿಯೆಯನ್ನ 1953ರಲ್ಲಿ ಲೆಲೊಯಿರ್ ಮತ್ತು ಕಾರ್ಡಿನಿ ಅನ್ನೋ ವಿಜ್ಞಾನಿಗಳು ಮೊದಲು ತೋರಿಸಿದ್ದು ಪ್ರಾಣಿಯಲ್ಲಲ್ಲ, ನ್ಯೂರೋಸ್ಪೋರ ಅನ್ನೋ ಬೂಸ್ಟಲ್ಲಿ, ಆಮೇಲೆ ಇಲಿ ಲಿವರಲ್ಲೂ ಸಿಕ್ತು.

ಮುಂದೆ ಇದಕ್ಕೆ ಅಸಿಟೈಲ್ ಅನ್ನೋ ಸಣ್ಣ ಗುಂಪು ಸೇರತ್ತೆ, ಫಾಸ್ಫೇಟ್ ಜಾಗ ಬದಲಾಯಿಸತ್ತೆ, ಯುಟಿಪಿ ಅನ್ನೋ ಶಕ್ತಿ ತುಂಬಿದ ಅಣು ಜೊತೆ ಸೇರಿ ಯುಡಿಪಿ-ಎನ್-ಅಸಿಟೈಲ್ ಗ್ಲುಕೋಸಮೈನ್ ರೆಡಿ. ಇದು ಜಾಸ್ತಿಯಾದ್ರೆ ಜಿಎಫ್‌ಎಟಿಯನ್ನೇ ತಡೆಯತ್ತೆ, ಟ್ಯಾಂಕ್ ತುಂಬಿದ್ರೆ ಪಂಪ್ ತಾನೇ ಆಫ್ ಆಗೋ ಹಾಗೆ. ಕೀಲಿನ ದ್ರವವನ್ನ ಜಾರುವಂತೆ ಮಾಡೋ ಹೈಯಲುರೋನಿಕ್ ಆಮ್ಲ ಕಟ್ಟೋದು ಇದರಿಂದಲೇ. ಇನ್ನೊಂದು ಕಿಣ್ವ ಇದನ್ನೇ ಗ್ಯಾಲಕ್ಟೋಸಮೈನ್ ರೂಪಕ್ಕೆ ತಿರುಗಿಸಿದ್ರೆ ಮೃದ್ವಸ್ಥಿಯ ಕಾಂಡ್ರಾಯ್ಟಿನ್ ಅನ್ನೋ ಸಕ್ಕರೆ ಸರಪಳಿಗೆ ಬಳಕೆ. ಸಿಗಡಿ ತನ್ನ ಸಿಪ್ಪೆಯ ಗಟ್ಟಿ ವಸ್ತು ಕೈಟಿನ್ ಹೆಣೆಯೋದೂ ಇದೇ ವಸ್ತುವಿಂದ, ಅದೇನು ಬೇರೆ ಯಾರಿಂದಲೋ ತಿಂದು ತಂದಿದ್ದಲ್ಲ.

ಮಾತ್ರೆ ಬೇಕೋ ಬೇಡ್ವೋ ಅನ್ನೋದು ನಿಮ್ಮ ಡಾಕ್ಟ್ರ ಹತ್ರ ಮಾತಾಡಿ. ಬೇಕೇ ಬೇಕು ಅಂದ್ರೆ ಬೂಸ್ಟಿನಿಂದ ತಯಾರಿಸಿದ ಸಸ್ಯಾಹಾರಿ ಗ್ಲುಕೋಸಮೈನೂ ಇದೆ, ಲೇಬಲ್ ನೋಡಿ ತಗೊಳ್ಳಿ.